ಬಾಲಿಯ ಚೆಲುವಿಗೆ ನೀರೇ ಬೇರು

ಬೆಟ್ಟದ ಇಳಿಜಾರಿನಲ್ಲಿ ಒಂದರ ಕೆಳಗೊಂದು ಜೋಡಿಸಿಟ್ಟ ಹಸಿರು ಮೆಟ್ಟಿಲುಗಳು. ಅವುಗಳ ಅಂಚಿನಲ್ಲಿ ಒಂದೆರಡು ತೆಂಗಿನ ಮರ, ಹಿಂದೆ ಮೋಡ ಕವಿದ ಜ್ವಾಲಾಮುಖಿ ಶಿಖರ. ಇಂಡೊನೇಷ್ಯಾದ ಬಾಲಿ ದ್ವೀಪದ ಹೆಸರೆತ್ತಿದರೆ ಜಗತ್ತಿನ ಜನರ ಕಣ್ಣಿಗೆ ಕಟ್ಟುವ ಚಿತ್ರ ಇದು. ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಅದನ್ನು ಕಾಣದವರು ವಿರಳ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಬಾಲಿಯ ರಾಜಧಾನಿ ದೆನ್ಪಸಾರ್‌ಗೆ ನೇರ ವಿಮಾನ ಆರಂಭವಾದ ಮೇಲೆ ಕರ್ನಾಟಕದ ಪ್ರವಾಸಿಗಳಿಗೂ ಈ ನೋಟ ಕೈಗೆಟಕುವ ದೂರಕ್ಕೆ ಬಂದಿದೆ.

ಆದರೆ ಈ ಮೆಟ್ಟಿಲುಗಳನ್ನು ಯಾರೂ ನೋಡುಗರಿಗಾಗಿ ಕಟ್ಟಿದ್ದಲ್ಲ. ಅವು ಭತ್ತದ ಗದ್ದೆಗಳು. ಅವುಗಳಿಗೆ ನೀರು ಎಲ್ಲಿಂದ ಬರುತ್ತದೆ, ಯಾರು ಹಂಚುತ್ತಾರೆ, ಯಾರಿಗೆ ಎಷ್ಟು ಎಂಬುದನ್ನು ಸಾವಿರ ವರ್ಷಗಳಿಂದ ಬಾಲಿಯ ರೈತರು ತಮ್ಮತಮ್ಮಲ್ಲೇ ಗೊತ್ತು ಮಾಡಿಕೊಂಡು ಬಂದಿದ್ದಾರೆ. ದ್ವೀಪದ ದೇವಾಲಯಗಳು, ಹಬ್ಬಗಳು, ಪ್ರವಾಸಿಗರನ್ನು ಸೆಳೆಯುವ ಸೊಬಗು ಬಹುಮಟ್ಟಿಗೆ ಈ ನೀರಿನ ಲೆಕ್ಕಾಚಾರದ ಸುತ್ತ ಬೆಳೆದವು. ಅದೇ ನೀರಿಗೆ ಇಂದು ಹೋಟೆಲುಗಳೂ ಪಾಲು ಕೇಳುತ್ತಿವೆ. ಬಾಲಿಯ ಇತಿಹಾಸ ಕುತೂಹಲಕರ ಮಾತ್ರವಲ್ಲ, ಎಚ್ಚರಿಕೆಯೂ ಆಗಿರುವುದು ಈ ಕಾರಣಕ್ಕೆ.

ಬೆಂಕಿಯ ಬೆಟ್ಟ, ನೀರಿನ ಕೆರೆ

ಬಾಲಿ ಭೂಮಧ್ಯರೇಖೆಯಿಂದ ಸುಮಾರು 8 ಡಿಗ್ರಿ ದಕ್ಷಿಣಕ್ಕಿರುವ ಚಿಕ್ಕ ದ್ವೀಪ. ಇಂಡೊನೇಷ್ಯಾದಲ್ಲಿ ಮುಸ್ಲಿಮರೇ ಬಹುಸಂಖ್ಯಾತರಾದರೂ ಈ ದ್ವೀಪದ ಹೆಚ್ಚಿನವರು ಹಿಂದೂಗಳು. ನಡುವೆ ಸಾಲಾಗಿ ನಿಂತಿರುವುದು ಜ್ವಾಲಾಮುಖಿಗಳು. ಅವುಗಳಲ್ಲಿ 3,000 ಮೀಟರಿಗೂ ಎತ್ತರವಾದ ಅಗುಂಗ್ ಪರ್ವತ ಅತ್ಯಂತ ಪವಿತ್ರ. 1963ರಲ್ಲಿ ಅದು ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರ ಮಡಿಲಲ್ಲಿರುವ ಬೆಸಾಕಿಹ್ ಮಾತೃದೇವಾಲಯವನ್ನು ಲಾವಾ ಪ್ರವಾಹ ಮುಟ್ಟದೆ ಪಕ್ಕದಲ್ಲೇ ಹರಿದುಹೋಯಿತು.

ಅಗುಂಗ್‌ನ ನೆರೆಯ ಬಾತುರ್ ಕೂಡ ಜೀವಂತ ಜ್ವಾಲಾಮುಖಿಯೇ. ಬಹು ಹಿಂದೆ ಅದು ಕುಸಿದು ಉಂಟಾದ ಭಾರಿ ಬೋಗುಣಿಯಲ್ಲಿ ಒಂದು ಸರೋವರವಿದೆ. ಅದರಿಂದ ಹೊರಗೆ ಹರಿಯುವ ಹೊಳೆಯಿಲ್ಲ. ನೀರು ನೆಲದೊಳಗೆ ಇಂಗುತ್ತದೆ. ಕೆಳಗಿನ ಇಳಿಜಾರುಗಳ ಬುಗ್ಗೆಗಳಿಗೆಲ್ಲ ಈ ಸರೋವರವೇ ತಾಯಿ ಎಂಬುದು ಬಾಲಿ ಜನರ ನಂಬಿಕೆ. ಸರೋವರದ ಅಧಿದೇವತೆ ದೇವಿ ದಾನು. ಅವಳ ಗುಡಿಯಾದ ಪುರ ಉಲುನ್ ದಾನು ಬಾತುರ್ ದ್ವೀಪದ ನೀರಿನ ಗುಡಿಗಳಿಗೆಲ್ಲ ಹಿರಿಯದು. 1926ರ ಸ್ಫೋಟದಲ್ಲಿ ಲಾವಾ ಹರಿದು ಹಳೆಯ ಊರೂ ಗುಡಿಯೂ ಮುಚ್ಚಿಹೋದವು. ಊರಿನವರು ದೇವಿಯನ್ನು ಬೋಗುಣಿಯ ಅಂಚಿಗೆ ತಂದು ಮತ್ತೆ ಪ್ರತಿಷ್ಠಾಪಿಸಿದರು. ಇಂದು ಪ್ರವಾಸಿಗಳು ನೋಡುವುದು ಆ ಹೊಸ ಗುಡಿಯನ್ನು.

ಜ್ವಾಲಾಮುಖಿಯ ಬೂದಿ ನೆಲವನ್ನು ಫಲವತ್ತಾಗಿಸಿತೇನೋ ನಿಜ. ಆದರೆ ಆ ಮೆದುಕಲ್ಲಿನ ನೆಲವನ್ನು ನದಿಗಳು ಆಳವಾಗಿ ಕೊರೆದು ಕಂದರಗಳ ತಳದಲ್ಲಿ ಹರಿಯುತ್ತವೆ. ಗದ್ದೆಗಳಿರುವುದು ಮೇಲೆ, ನೀರಿರುವುದು ಕೆಳಗೆ. ಇದಕ್ಕೆ ಬಾಲಿಯವರು ಕಂಡುಕೊಂಡ ದಾರಿಯೆಂದರೆ ನದಿಯ ಮೇಲ್ಭಾಗದಲ್ಲೆಲ್ಲೋ ಅಡ್ಡಕಟ್ಟೆ ಹಾಕಿ, ಗುಡ್ಡವನ್ನು ಕೊರೆದು ಸುರಂಗ ತೋಡಿ, ಕೆಲವೊಮ್ಮೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ನೀರನ್ನು ನೆಲದಡಿಯಲ್ಲಿ ಹರಿಸಿ ಗದ್ದೆಗಳ ನೆತ್ತಿಗೆ ಮುಟ್ಟಿಸುವುದು. 9ನೇ ಶತಮಾನದ ಕೊನೆಯ ಶಾಸನಗಳಲ್ಲೇ ನೀರಿನ ಸುರಂಗ ಕೊರೆಯುವ ಕುಶಲಕರ್ಮಿಗಳ ಉಲ್ಲೇಖ ಸಿಗುತ್ತದೆ.

ಆ ಶಾಸನಗಳು ಕಾಲ ಸೂಚಿಸುವುದು ಶಕವರ್ಷದಲ್ಲಿ. ಬಾದಾಮಿಯ ಚಾಲುಕ್ಯರ ಕಾಲದಿಂದ ಕನ್ನಡ ನಾಡಿನ ಶಾಸನಗಳು ಬಳಸಿಕೊಂಡು ಬಂದ ಅದೇ ಶಕ ಕಾಲಗಣನೆ ಅಲ್ಲಿಯೂ ಚಾಲ್ತಿಯಲ್ಲಿತ್ತು. ಬಾಲಿಯ ಹೊಸ ವರ್ಷವಾದ ನ್ಯೆಪಿ ಇಂದಿಗೂ ಶಕವರ್ಷದ ಲೆಕ್ಕದಲ್ಲೇ ಬರುತ್ತದೆ. 2023ರಲ್ಲಿ ಕನ್ನಡಿಗರ ಯುಗಾದಿಯೂ ಬಾಲಿಯ ನ್ಯೆಪಿಯೂ ಮಾರ್ಚ್ 22ರಂದು ಒಂದೇ ದಿನ ಬಿದ್ದವು. ಆಚರಣೆ ಮಾತ್ರ ಬೇರೆ. ನ್ಯೆಪಿಯಂದು ದ್ವೀಪದಲ್ಲಿ ಒಲೆ ಹೊತ್ತುವುದಿಲ್ಲ, ದೀಪ ಉರಿಯುವುದಿಲ್ಲ, ಬೀದಿಯಲ್ಲಿ ಯಾರೂ ಓಡಾಡುವುದಿಲ್ಲ. ವಿಮಾನ ನಿಲ್ದಾಣವೇ ಇಪ್ಪತ್ನಾಲ್ಕು ಗಂಟೆ ಮುಚ್ಚಿರುತ್ತದೆ.

ನೀರಿನ ಕೂಟ

ಒಂದೇ ಮೂಲದಿಂದ ನೀರು ಪಡೆಯುವ ಗದ್ದೆಗಳ ಒಡೆಯರೆಲ್ಲ ಸೇರಿದ ಕೂಟಕ್ಕೆ ಸುಬಾಕ್ ಎಂದು ಹೆಸರು. ಈ ಹೆಸರು 11ನೇ ಶತಮಾನದ ಶಾಸನಗಳಲ್ಲೇ ಕಾಣಿಸಿಕೊಳ್ಳುತ್ತದೆ. ಸದಸ್ಯತ್ವಕ್ಕೆ ಊರು ಮುಖ್ಯವಲ್ಲ, ನೀರು ಮುಖ್ಯ. ಹಾಗಾಗಿ ಒಂದೇ ಊರಿನ ಇಬ್ಬರು ಬೇರೆ ಬೇರೆ ಸುಬಾಕ್‌ಗಳಿಗೆ ಸೇರಿರಬಹುದು, ಎರಡು ಕಡೆ ಗದ್ದೆಯಿರುವವನು ಎರಡರಲ್ಲೂ ಇರಬಹುದು. ದ್ವೀಪದಲ್ಲಿ ಇಂಥ ಸುಮಾರು 1,200 ಕೂಟಗಳಿವೆ. ಒಂದೊಂದರಲ್ಲೂ 50ರಿಂದ 400 ರೈತರಿರುತ್ತಾರೆ.

ಸುಬಾಕ್‌ನ ಮುಖಂಡನನ್ನು ಪೆಕಾಸೆಹ್ ಎನ್ನುತ್ತಾರೆ. ಕನ್ನಡ ನಾಡಿನ ಕೆರೆಗಳ ನೀರುಗಂಟಿಯನ್ನು ಅವನು ನೆನಪಿಗೆ ತರುತ್ತಾನಾದರೂ ಅವನ ಹೊಣೆ ಇನ್ನೂ ದೊಡ್ಡದು. ಕಾಲುವೆಯ ಹೂಳು ತೆಗೆಸುವುದು, ಸಭೆ ಕರೆಯುವುದು, ಜಗಳ ಬಗೆಹರಿಸುವುದು, ತಪ್ಪು ಮಾಡಿದವರಿಗೆ ದಂಡ ಹಾಕುವುದು, ಪೂಜೆಯ ದಿನ ಗೊತ್ತು ಮಾಡುವುದು ಎಲ್ಲ ಅವನ ಕೆಲಸ. ನೀರು ಕವಲೊಡೆಯುವ ಕಡೆ ಕಾಲುವೆಗೆ ಅಡ್ಡಲಾಗಿ ಕಂಡಿ ಕೊರೆದ ಒಂದು ಮರದ ದಿಮ್ಮಿಯನ್ನು ಇಡುತ್ತಾರೆ. ಯಾವ ಕಂಡಿಯ ಅಗಲ ಎಷ್ಟೋ ಆ ಕಡೆಗೆ ಅಷ್ಟು ಪಾಲು ನೀರು. ಹೊಳೆ ತುಂಬಿದರೂ ಬತ್ತಿದರೂ ಪಾಲಿನ ಪ್ರಮಾಣ ಬದಲಾಗುವುದಿಲ್ಲ.

ಪ್ರತಿ ಹಂತದಲ್ಲೂ ಒಂದು ಗುಡಿಯಿದೆ. ಗದ್ದೆಗೆ ನೀರು ಹೊಕ್ಕುವ ಮೂಲೆಯಲ್ಲಿ ಒಂದು ಪುಟ್ಟ ಗೂಡು, ಅಡ್ಡಕಟ್ಟೆಯ ಬಳಿ ಇನ್ನೊಂದು ಗುಡಿ, ಹಲವು ಸುಬಾಕ್‌ಗಳಿಗೆ ಸೇರಿದ ದೊಡ್ಡ ಗುಡಿ, ಕೊನೆಗೆ ಸರೋವರದ ದೇವಿಯ ಸನ್ನಿಧಿ. ಮೇಲಿನ ಗುಡಿಯ ತೀರ್ಥವನ್ನು ತಂದು ಗದ್ದೆಯಲ್ಲಿ ಪ್ರೋಕ್ಷಿಸಿದ ಮೇಲೆಯೇ ಬೇಸಾಯ ಆರಂಭ. ‘ತೀರ್ಥ’ ಎಂಬ ಮಾತು ಬಾಲಿಯಲ್ಲೂ ಇದೇ ಅರ್ಥದಲ್ಲಿದೆ. ಅವರ ಮತವನ್ನೇ ತೀರ್ಥದ ಮತವೆಂದು ಕರೆಯುವ ರೂಢಿಯೂ ಉಂಟು. ಭತ್ತದ ದೇವತೆಯ ಹೆಸರು ದೇವಿ ಶ್ರೀ.

ತಾಂಪಾಕ್ಸಿರಿಂಗ್‌ನ ತೀರ್ತಾ ಎಂಪುಲ್ ಬುಗ್ಗೆಯಲ್ಲಿ ಈ ಸಂಬಂಧ ಎದ್ದು ಕಾಣುತ್ತದೆ. 10ನೇ ಶತಮಾನದ ಈ ಕ್ಷೇತ್ರದಲ್ಲಿ ಸಾಲು ಕೊಳವೆಗಳಿಂದ ಬೀಳುವ ನೀರಿಗೆ ತಲೆಯೊಡ್ಡಲು ಭಕ್ತರ ಜೊತೆ ಪ್ರವಾಸಿಗಳೂ ಸಾಲುಗಟ್ಟುತ್ತಾರೆ. ಅವರ ಮೈ ತೊಳೆದ ನೀರು ಮುಂದೆ ಪಾಕೆರಿಸಾನ್ ನದಿಯ ಕಣಿವೆಗಿಳಿದು ಗದ್ದೆಗಳಿಗೆ ಹರಿಯುತ್ತದೆ. ಅದೇ ಕಣಿವೆಯ ಬಂಡೆಗಳಲ್ಲಿ 11ನೇ ಶತಮಾನದ ಗುನುಂಗ್ ಕಾವಿಯ ಸ್ಮಾರಕಗಳನ್ನು ಕಡೆದಿದ್ದಾರೆ. ಸ್ಮಾರಕಗಳನ್ನು ನೋಡಲು ಇಳಿಯುವ ದಾರಿಯುದ್ದಕ್ಕೂ ಗದ್ದೆಗಳೇ.

ಮೇಲಿನವನಿಗೂ ಕೆಳಗಿನವನಿಗೂ ರಾಜಿ

ನೀರಾವರಿ ಇರುವ ಕಡೆಯಲ್ಲೆಲ್ಲ ಮೇಲಿನ ಗದ್ದೆಯವನದೇ ಮೇಲುಗೈ. ಅವನು ಬಿಟ್ಟರೆ ತಾನೆ ಕೆಳಗಿನವನಿಗೆ ನೀರು? ಬಾಲಿಯಲ್ಲಿ ಮೇಲಿನವನು ಸಾವಿರ ವರ್ಷ ನೀರು ಬಿಡುತ್ತಾ ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಇರುವುದು ಕೀಟಗಳಲ್ಲಿ.

ಪಕ್ಕಪಕ್ಕದ ಗದ್ದೆಗಳಲ್ಲಿ ಒಬ್ಬೊಬ್ಬರು ಒಂದೊಂದು ಸಮಯಕ್ಕೆ ನಾಟಿ ಮಾಡಿದರೆ ಹುಳುಗಳಿಗೆ ವರ್ಷವಿಡೀ ಊಟ. ಒಂದು ಗದ್ದೆ ಕೊಯ್ಲಾದರೆ ಪಕ್ಕದ ಗದ್ದೆಗೆ ಹಾರುತ್ತವೆ. ಇಡೀ ಇಳಿಜಾರಿನವರು ಒಟ್ಟಿಗೆ ನಾಟಿ ಮಾಡಿ, ಒಟ್ಟಿಗೆ ಕೊಯ್ದು, ಗದ್ದೆಗಳಲ್ಲಿ ನೀರು ನಿಲ್ಲಿಸಿ ಕೆಲಕಾಲ ಬಿಡುವು ಕೊಟ್ಟರೆ ಹುಳು ಮತ್ತು ಇಲಿಗಳಿಗೆ ತಿನ್ನಲು ಏನೂ ಸಿಗುವುದಿಲ್ಲ. ಆ ಬಿಡುವಿನಲ್ಲಿ ಬಾತುಕೋಳಿಗಳನ್ನು ಗದ್ದೆಗಿಳಿಸಿದರೆ ಉಳಿದ ಹುಳುಗಳನ್ನೂ ಉದುರಿದ ಕಾಳುಗಳನ್ನೂ ಅವು ಆರಿಸಿ ತಿನ್ನುತ್ತವೆ. ಆದರೆ ಎಲ್ಲರೂ ಒಂದೇ ದಿನ ನಾಟಿಗಿಳಿದರೆ ಅಷ್ಟೂ ಗದ್ದೆಗಳಿಗೆ ಒಟ್ಟಿಗೆ ನೀರು ಸಾಲದು.

ಕೆಳಗಿನವನಿಗೆ ನೀರಿನ ಚಿಂತೆ, ಮೇಲಿನವನಿಗೆ ಹುಳುವಿನ ಚಿಂತೆ. ಕೆಳಗಿನವನು ಮುನಿದು ತನ್ನಿಷ್ಟದಂತೆ ನಾಟಿ ಮಾಡಿದರೆ ಹುಳು ಮೇಲಕ್ಕೂ ಏರುತ್ತದೆ. ಹೀಗೆ ಇಬ್ಬರಿಗೂ ಒಬ್ಬರ ಹಂಗು ಇನ್ನೊಬ್ಬರಿಗೆ. ಯಾವ ಯಾವ ಸುಬಾಕ್‌ಗಳು ಒಟ್ಟಿಗೆ ನಾಟಿ ಮಾಡಬೇಕು, ಯಾವುವು ಎರಡು ವಾರ ತಡೆಯಬೇಕು ಎಂಬುದನ್ನು ಗುಡಿಯ ಸಭೆಯಲ್ಲಿ ನಿರ್ಧರಿಸುತ್ತಾರೆ. 210 ದಿನಗಳ ಬಾಲಿ ಪಂಚಾಂಗ ಇದಕ್ಕೆ ನೆರವಾಗುತ್ತದೆ. ಹೊರಗಿನವರಿಗೆ ಬರಿಯ ಪೂಜೆಯಂತೆ ಕಾಣುವುದು ಒಳಗಿನಿಂದ ಸಾವಿರಾರು ಎಕರೆಯ ಬೇಸಾಯದ ವೇಳಾಪಟ್ಟಿ.

ಇದು ಹೊರಜಗತ್ತಿಗೆ ಅರ್ಥವಾದದ್ದು ಒಂದು ಪೆಟ್ಟು ಬಿದ್ದ ಮೇಲೆ. 1970ರ ದಶಕದಲ್ಲಿ ಇಂಡೊನೇಷ್ಯಾ ಸರ್ಕಾರ ಹಸಿರು ಕ್ರಾಂತಿಯನ್ನು ಬಾಲಿಗೂ ತಂದಿತು. ಅಲ್ಪಾವಧಿ ತಳಿ, ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಜೊತೆಗೆ ಗುಡಿಯ ವೇಳಾಪಟ್ಟಿಗೆ ಕಾಯದೆ ಸಾಧ್ಯವಾದಷ್ಟು ಬೇಗ ಮತ್ತೆ ನಾಟಿ ಮಾಡಬೇಕೆಂಬ ಸಲಹೆಯೂ ಬಂತು. ಮೊದಲು ಇಳುವರಿ ಏರಿತು. ಆಮೇಲೆ ಕಂದು ಜಿಗಿಹುಳು, ಅದರ ಹಿಂದೆ ತುಂಗ್ರೊ ರೋಗ ಗದ್ದೆಗಳನ್ನು ಬಡಿದವು. ಹೊಸ ತಳಿ ತಂದರೆ ಹೊಸ ರೋಗ. ನೀರಿನ ಹಂಚಿಕೆಯೂ ಏರುಪೇರಾಯಿತು. ರೈತರು ಗುಡಿಗಳ ವೇಳಾಪಟ್ಟಿಗೇ ಮರಳಲು ಬಯಸಿದರು. ಅಧಿಕಾರಿಗಳಿಗೆ ಅದು ಹಳೆಯ ನಂಬಿಕೆಯಾಗಿ ಕಂಡಿತು.

ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ 1980ರ ದಶಕದ ಉತ್ತರಾರ್ಧದಲ್ಲಿ ಊಸ್ ಮತ್ತು ಪೆತಾನು ನದಿಗಳ ನಡುವಿನ 172 ಸುಬಾಕ್‌ಗಳ ಲೆಕ್ಕವನ್ನು ಕಂಪ್ಯೂಟರಿಗೆ ಊಡಿದರು. ಎಲ್ಲರೂ ಬೇರೆ ಬೇರೆ ನಾಟಿ ಮಾಡಿದರೆ ಏನಾಗುತ್ತದೆ, ಎಲ್ಲರೂ ಒಟ್ಟಿಗೆ ಮಾಡಿದರೆ ಏನಾಗುತ್ತದೆ, ಗುಡಿಗಳು ಗೊತ್ತು ಮಾಡಿದ ಗುಂಪುಗಳಂತೆ ಮಾಡಿದರೆ ಏನಾಗುತ್ತದೆ ಎಂದು ಹೋಲಿಸಿ ನೋಡಿದರು. ಗುಡಿಗಳ ಕ್ರಮದಲ್ಲೇ ಇಳುವರಿ ಹೆಚ್ಚು ಬಂತು. ನೀರಾವರಿಯನ್ನು ಆಧುನಿಕಗೊಳಿಸುವ ಯೋಜನೆಗೆ ಹಣ ಕೊಟ್ಟಿದ್ದ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಕೂಡ 1988ರ ಹೊತ್ತಿಗೆ ತನ್ನ ಮೌಲ್ಯಮಾಪನದಲ್ಲಿ ಹಳೆಯ ವ್ಯವಸ್ಥೆಯ ಬೆಲೆಯನ್ನು ಒಪ್ಪಿಕೊಂಡಿತು.

ರಕ್ತದ ನೆಲದಲ್ಲಿ ಹೋಟೆಲು

ಬಾಲಿಯನ್ನು ‘ನೋಡತಕ್ಕ’ ಸ್ಥಳವಾಗಿ ಮಾಡಿದವರು ಅದನ್ನು ಗೆದ್ದವರೇ. 19ನೇ ಶತಮಾನದ ನಡುವೆ ದ್ವೀಪದ ಉತ್ತರ ಭಾಗವನ್ನು ವಶಪಡಿಸಿಕೊಂಡಿದ್ದ ಡಚ್ಚರು, ಸಾನುರ್ ಕಡಲತೀರದಲ್ಲಿ ಒಡೆದ ಹಡಗೊಂದರ ಲೂಟಿಯ ನೆಪದಿಂದ 1906ರಲ್ಲಿ ದಕ್ಷಿಣದ ಬಾಡುಂಗ್ ರಾಜ್ಯದ ಮೇಲೆ ದಂಡೆತ್ತಿ ಬಂದರು. ಸೆಪ್ಟೆಂಬರ್ 20ರಂದು ಬಾಡುಂಗ್‌ನ ರಾಜ ತನ್ನ ಪರಿವಾರ, ಹೆಂಗಸರು, ಮಕ್ಕಳೊಡನೆ ಬಿಳಿಯ ಬಟ್ಟೆಯುಟ್ಟು ಅರಮನೆಯಿಂದ ಹೊರಟು ಡಚ್ಚರ ಬಂದೂಕುಗಳಿಗೆ ನೇರವಾಗಿ ನಡೆದ. ಶರಣಾಗುವ ಬದಲು ಎಲ್ಲರೂ ಸಾಯುವ ಈ ವ್ರತಕ್ಕೆ ಪುಪುತಾನ್ ಎಂದು ಹೆಸರು. ನೂರಾರು ಜನ ಸತ್ತರು. 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲಿಯೂ ಇದೇ ನಡೆಯಿತು.

ಸುದ್ದಿ ಯೂರೋಪನ್ನು ಮುಟ್ಟಿ ಡಚ್ಚರಿಗೆ ಮುಖಭಂಗವಾಯಿತು. ಬಾಲಿಯ ಸಂಸ್ಕೃತಿಯನ್ನು ಕಾಪಾಡುವವರು ತಾವು ಎಂದು ತೋರಿಸಿಕೊಳ್ಳುವ ಅಗತ್ಯ ಅವರಿಗೆ ಬಿತ್ತು. ಪ್ರವಾಸೋದ್ಯಮ ಅದಕ್ಕೆ ಒದಗಿ ಬಂತು. 1908ರಲ್ಲಿ ಬತಾವಿಯಾದಲ್ಲಿ, ಎಂದರೆ ಇಂದಿನ ಜಕಾರ್ತಾದಲ್ಲಿ, ಅಧಿಕೃತ ಪ್ರವಾಸಿ ಸಂಸ್ಥೆ ಹುಟ್ಟಿತು. ಬಾಲಿಯಿಂದ ಹಂದಿ, ಕೊಬ್ಬರಿ, ಕಾಫಿ ಸಾಗಿಸುತ್ತಿದ್ದ ಡಚ್ ಹಡಗು ಕಂಪನಿ 1920ರ ದಶಕದಲ್ಲಿ ಪ್ರವಾಸಿಗಳನ್ನೂ ಕರೆತರತೊಡಗಿತು. 1928ರಲ್ಲಿ ಅದೇ ಕಂಪನಿ ದೆನ್ಪಸಾರ್‌ನಲ್ಲಿ ಬಾಲಿ ಹೋಟೆಲನ್ನು ತೆರೆಯಿತು. 1906ರ ಪುಪುತಾನ್ ನಡೆದ ಸ್ಥಳ ಅದಕ್ಕೆ ಕೂಗಳತೆಯ ದೂರ.

ಅದೇ ಹೊತ್ತಿಗೆ ಕಲಾವಿದರೂ ವಿದ್ವಾಂಸರೂ ಬಂದರು. 1927ರಲ್ಲಿ ರವೀಂದ್ರನಾಥ ಠಾಕೂರರು ಭಾಷಾವಿಜ್ಞಾನಿ ಸುನೀತಿಕುಮಾರ ಚಟರ್ಜಿಯವರೊಡನೆ ಜಾವಾ ಮತ್ತು ಬಾಲಿಗಳಲ್ಲಿ ಸಂಚರಿಸಿದರು. ಅದೇ ವರ್ಷ ಉಬುದ್ ಊರಿನಲ್ಲಿ ನೆಲೆಸಿದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಬಾಲಿಯ ಕಲಾವಿದರ ಜೊತೆ ಕೆಲಸ ಮಾಡಿದ. ನೂರಾರು ಗಂಡಸರು ವೃತ್ತಾಕಾರದಲ್ಲಿ ಕುಳಿತು ‘ಚಕ್ ಚಕ್’ ಎಂದು ತಾಳಬದ್ಧವಾಗಿ ಕೂಗುವ ಕೆಚಕ್ ಇಂದು ಬಾಲಿಯ ಅತಿ ಪ್ರಾಚೀನ ನೃತ್ಯವೆಂದು ಅನೇಕರು ತಿಳಿಯುತ್ತಾರೆ. ರೋಗರುಜಿನ ಓಡಿಸಲು ಮೈಮೇಲೆ ದೇವರು ಬರಿಸಿಕೊಳ್ಳುವ ಆಚರಣೆಯ ಮೇಳಕ್ಕೆ ರಾಮಾಯಣದ ಕಥೆ ಸೇರಿಸಿ ನರ್ತಕ ವಯಾನ್ ಲಿಂಬಾಕ್ ಮತ್ತು ಸ್ಪೀಸ್ 1930ರ ದಶಕದಲ್ಲಿ ಅದಕ್ಕೆ ಈ ರೂಪ ಕೊಟ್ಟರು. ನೋಡುಗರು ಬಂದದ್ದರಿಂದ ಹುಟ್ಟಿದ ಕಲೆಯೂ ಊರಿನವರದೇ ಆಗಿಬಿಟ್ಟಿತು. ಪ್ರವಾಸಿಗರಿಂದ ಬಾಲಿಗೆ ಬರಿಯ ನಷ್ಟವೇ ಆಯಿತೆಂದು ಹೇಳುವಂತಿಲ್ಲ.

ಬಾಲಿಯವರು ತಮ್ಮ ಗೆರೆಯನ್ನೂ ಎಳೆದುಕೊಂಡರು. 1971ರಲ್ಲಿ ನಡೆದ ವಿಚಾರ ಸಂಕಿರಣವೊಂದರಲ್ಲಿ ಪುರೋಹಿತರು, ಕಲಾವಿದರು, ವಿದ್ವಾಂಸರು ಸೇರಿ ದೇವರೆದುರು ಮಾತ್ರ ಆಡುವ ನೃತ್ಯ ಯಾವುದು, ಉತ್ಸವಕ್ಕೆ ಒಪ್ಪುವುದು ಯಾವುದು, ಹೊರಗಿನವರಿಗೆ ತೋರಿಸಬಹುದಾದದ್ದು ಯಾವುದು ಎಂದು ಮೂರು ಬಗೆ ಮಾಡಿದರು. 1966ರಲ್ಲಿ ಸಾನುರ್‌ನಲ್ಲಿ ಜಪಾನಿನ ಯುದ್ಧಪರಿಹಾರದ ಹಣದಿಂದ ಹತ್ತು ಅಂತಸ್ತಿನ ಹೋಟೆಲು ಎದ್ದಾಗ ಅದರ ಎತ್ತರ ಕಂಡು ಜನ ಬೆಚ್ಚಿದರು. ಕಟ್ಟಡಗಳು ತೆಂಗಿನ ಮರಕ್ಕಿಂತ ಎತ್ತರ, ಅಂದರೆ 15 ಮೀಟರಿಗಿಂತ ಹೆಚ್ಚು, ಏಳಬಾರದೆಂಬ ನಿಯಮ ಆಮೇಲೆ ಬಂತು.

ಆದರೆ ಗದ್ದೆಗೆ ಅಂಥ ಗೆರೆ ಗಟ್ಟಿಯಾಗಿ ಬೀಳಲಿಲ್ಲ. ಫ್ರೆಂಚ್ ಸಲಹೆಗಾರರು 1971ರಲ್ಲಿ ಸಿದ್ಧಪಡಿಸಿದ ಯೋಜನೆಯ ಪ್ರಕಾರ ದೊಡ್ಡ ಹೋಟೆಲುಗಳೆಲ್ಲ ದಕ್ಷಿಣ ತುದಿಯ ಸುಣ್ಣಕಲ್ಲಿನ ಒಣನೆಲ ನುಸಾ ದುವಾದಲ್ಲಿ ಇರಬೇಕಿತ್ತು. ಭತ್ತ ಬೆಳೆಯದ ಆ ಜಾಗದಲ್ಲಿ ಪ್ರವಾಸಿಗಳು ತಂಗಿ, ಹಗಲು ಊರುಗಳನ್ನು ನೋಡಿ ಹಿಂದಿರುಗಲಿ ಎಂಬುದು ಆಲೋಚನೆ. 1983ರಲ್ಲಿ ಅಲ್ಲಿ ಮೊದಲ ಹೋಟೆಲು ತೆರೆಯುವ ಹೊತ್ತಿಗಾಗಲೇ ಕುಟಾ, ಸಾನುರ್, ಉಬುದ್‌ಗಳಲ್ಲಿ ವಸತಿಗೃಹಗಳು ಹರಡಿದ್ದವು. ಪ್ರವಾಸಿಗೆ ಬೇಕಾದದ್ದು ಗದ್ದೆ ಕಾಣುವ ಕೋಣೆ. ಆ ಕೋಣೆಯನ್ನು ಕಟ್ಟುವುದು ಗದ್ದೆಯಲ್ಲೇ.

ನೋಟ ಉಳಿಯಬೇಕಾದರೆ

2002ರ ಅಕ್ಟೋಬರ್ 12ರಂದು ಕುಟಾದಲ್ಲಿ ಬಾಂಬು ಸಿಡಿದು 202 ಜನ ಸತ್ತಾಗ ಪ್ರವಾಸಿಗಳನ್ನೇ ನಂಬಿದ ಬದುಕು ಎಷ್ಟು ಬೇಗ ಕುಸಿಯಬಲ್ಲದೆಂದು ದ್ವೀಪ ಕಂಡಿತು. ಕೋವಿಡ್ ಕಾಲದಲ್ಲಿ ಮತ್ತೆ ಅದೇ ಅನುಭವ. 2019ರಲ್ಲಿ 60 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಂದಿದ್ದ ಬಾಲಿಗೆ 2021ರಲ್ಲಿ ಬಂದವರನ್ನು ಹತ್ತುಗಳಲ್ಲಿ ಎಣಿಸಬಹುದಾಗಿತ್ತು. ಹೋಟೆಲು ಕೆಲಸ ಕಳೆದುಕೊಂಡ ಎಷ್ಟೋ ಮಂದಿ ಊರಿಗೆ ಮರಳಿ ಮತ್ತೆ ಮಣ್ಣಿಗೆ ಕೈಹಾಕಿದರು. 2024ರ ಹೊತ್ತಿಗೆ ವಿದೇಶಿಯರ ಸಂಖ್ಯೆ ಮತ್ತೆ 60 ಲಕ್ಷ ದಾಟಿತು.

ಯುನೆಸ್ಕೊ 2012ರಲ್ಲಿ ಸುಬಾಕ್ ವ್ಯವಸ್ಥೆಯ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾತುರ್ ಸರೋವರ ಮತ್ತು ಅದರ ಗುಡಿ, ಪಾಕೆರಿಸಾನ್ ಕಣಿವೆ, ಜಾತಿಲುವಿಹ್‌ನ ಪ್ರಸಿದ್ಧ ಗದ್ದೆಗಳಿರುವ ಬಾತುಕಾರು ಪ್ರದೇಶ, 18ನೇ ಶತಮಾನದ ತಾಮನ್ ಅಯುನ್ ರಾಜಗುಡಿ ಎಲ್ಲ ಸೇರಿ ಸುಮಾರು 19,500 ಹೆಕ್ಟೇರು ಇದರ ವ್ಯಾಪ್ತಿ. ಗೌರವ ದೊಡ್ಡದೇ. ಆದರೆ ಪಟ್ಟಿಗೆ ಸೇರಿದ್ದರಿಂದ ನೋಡಲು ಬರುವವರೂ ಹೆಚ್ಚಿದರು. ಅವರಿಗಾಗಿ ಗದ್ದೆಯ ಪಕ್ಕದಲ್ಲಿ ಉಪಾಹಾರ ಗೃಹ, ಅಂಗಡಿ, ವಾಹನ ನಿಲ್ದಾಣಗಳು ಬಂದವು.

ಗದ್ದೆಯ ಆಸುಪಾಸಿನ ನೆಲದ ಬೆಲೆ ಏರಿದಂತೆ ಭತ್ತ ಬೆಳೆಯುವುದಕ್ಕಿಂತ ಮಾರುವುದೇ ಲಾಭ ಎಂದು ರೈತನ ಲೆಕ್ಕ ಹೇಳುತ್ತದೆ. ಮಗ ಹೋಟೆಲಿನಲ್ಲಿ ಒಂದು ತಿಂಗಳು ದುಡಿದರೆ ಬರುವ ಹಣ ಅಪ್ಪನಿಗೆ ಒಂದು ಬೆಳೆಯಲ್ಲಿ ಸಿಗುವುದು ಕಷ್ಟ. ಹಾಗೆಂದು ಮಾರಿದವನನ್ನು ದೂರುವಂತೆಯೂ ಇಲ್ಲ. ಆದರೆ ಸುಬಾಕ್ ಒಬ್ಬಿಬ್ಬರಿಂದ ನಡೆಯುವ ವ್ಯವಸ್ಥೆಯಲ್ಲ. ಕಾಲುವೆಯ ಮೇಲ್ಭಾಗದಲ್ಲಿ ನಾಲ್ಕು ಗದ್ದೆ ವಿಲ್ಲಾ ಆದರೆ ಕೆಳಗಿನವನ ಸುರಂಗದ ಹೂಳು ತೆಗೆಯಲು ನಾಲ್ಕು ಕೈ ಕಡಿಮೆ. ಕೊಳವೆಬಾವಿ ಕೊರೆದು ನೀರೆಳೆಯುವ ಹೋಟೆಲಿಗೆ ಗುಡಿಯ ಸಭೆಯ ಹಂಗಿಲ್ಲ. ಹುಳುವಿನ ಹೆದರಿಕೆಯೂ ಇಲ್ಲದ್ದರಿಂದ ಕೆಳಗಿನವನೊಡನೆ ರಾಜಿ ಮಾಡಿಕೊಳ್ಳುವ ಅಗತ್ಯವೂ ಅದಕ್ಕಿಲ್ಲ. ಸಾವಿರ ವರ್ಷದ ಒಪ್ಪಂದದಲ್ಲಿ ಇಂಥ ಪಾಲುದಾರನಿಗೆ ಜಾಗವೇ ಇರಲಿಲ್ಲ.

2024ರ ಫೆಬ್ರವರಿಯಿಂದ ಬಾಲಿ ಸರ್ಕಾರ ವಿದೇಶಿ ಪ್ರವಾಸಿಗಳಿಂದ ತಲಾ 1,50,000 ರೂಪಾಯಾ ತೆರಿಗೆ ಪಡೆಯತೊಡಗಿತು. ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆ ಆ ಹಣ ಎಂಬುದು ಅದರ ಮಾತು. 2025ರ ಸೆಪ್ಟೆಂಬರಿನಲ್ಲಿ ಭಾರಿ ಮಳೆಗೆ ದೆನ್ಪಸಾರ್ ಸುತ್ತಮುತ್ತ ಪ್ರವಾಹ ನುಗ್ಗಿ ಹತ್ತಕ್ಕೂ ಹೆಚ್ಚು ಜನ ಸತ್ತಾಗ ಗದ್ದೆಗಳ ಇನ್ನೊಂದು ಉಪಕಾರ ನೆನಪಾಯಿತು. ಬದುಕಟ್ಟಿದ ಪ್ರತಿ ಗದ್ದೆಯೂ ಮಳೆನೀರನ್ನು ಹಿಡಿದು ನಿಲ್ಲಿಸುವ ಪುಟ್ಟ ಕೆರೆ. ಅದನ್ನು ಕಾಂಕ್ರೀಟಿನಿಂದ ಮುಚ್ಚಿದರೆ ನೀರು ಬೀದಿಗಿಳಿಯುತ್ತದೆ. ಕೃಷಿಭೂಮಿಯಲ್ಲಿ ಹೊಸ ಹೋಟೆಲುಗಳಿಗೆ ಅನುಮತಿ ನಿಲ್ಲಿಸುವುದಾಗಿ ಆಗ ಬಾಲಿಯ ಆಡಳಿತ ಸಾರಿತು.

ಮನುಷ್ಯನಿಗೆ ದೇವರೊಡನೆ, ಇತರ ಮನುಷ್ಯರೊಡನೆ, ಪ್ರಕೃತಿಯೊಡನೆ ಇರುವ ಸಾಮರಸ್ಯಕ್ಕೆ ಬಾಲಿಯವರು ‘ತ್ರಿ ಹಿತ ಕರಣ’ ಎನ್ನುತ್ತಾರೆ. ಯುನೆಸ್ಕೊ ಪಟ್ಟಿಯಲ್ಲೂ ಈ ಹೆಸರಿದೆ. ಅಲ್ಲಿನ ಹೋಟೆಲುಗಳ ಪ್ರಚಾರದಲ್ಲೂ ಕಾಣುತ್ತದೆ. ಹೆಸರು ರೂಢಿಗೆ ಬಂದದ್ದು 1960ರ ದಶಕದಲ್ಲಿ. ಅದು ಸೂಚಿಸುವ ನಡವಳಿಕೆ ಮಾತ್ರ ತುಂಬ ಹಳೆಯದು. ಕಂಡಿ ಕೊರೆದ ಆ ಮರದ ದಿಮ್ಮಿಯಲ್ಲಿ ಅದು ಸಾವಿರ ವರ್ಷದಿಂದ ಇದೆ. ಬಾಲಿಗೆ ಹೋದ ಪ್ರವಾಸಿ ಹಸಿರು ಮೆಟ್ಟಿಲುಗಳ ಚಿತ್ರ ತೆಗೆದುಕೊಂಡ ಮೇಲೆ ಗದ್ದೆಯ ಬದುವಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಅಂಥ ದಿಮ್ಮಿಯೊಂದು ಅವನ ಕಣ್ಣಿಗೂ ಬಿದ್ದೀತು. ಅದರ ಕಂಡಿಗಳಲ್ಲಿ ನೀರು ಹರಿಯುವವರೆಗೆ ಮೇಲಿನ ಚಿತ್ರಕ್ಕೆ ಬಾಳಿಕೆಯಿದೆ.